ಮಾವ ನೋಡದ ಎಡಗೈ

ಮಂಗಳವಾರ, ೧೪ನೇ ತಾರೀಖು

ಪ್ರೀತಿಯ ಅಣ್ಣ,

ನಾಲ್ಕು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ಕ್ಷಮಿಸು. ಸಿಟ್ಟು ಬಂದರೆ ನಾನು ಇಂಗ್ಲಿಷಿಗೆ ಜಾರಿಬಿಡುತ್ತೇನೆ, ನೀನು ನಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನೀವೆಲ್ಲ ಕ್ಷೇಮ ತಾನೆ?

ನಮ್ಮ ಗುಬ್ಬಿಯ ಕಾಯಿಲೆ ಏನೆಂದು ಗೊತ್ತಾಯಿತು. ಹೃದಯದಿಂದ ಹೊರಡುವ ಮಹಾಧಮನಿಯ ಗೋಡೆ ಉರಿಯೂತದಿಂದ ದಪ್ಪವಾಗಿದೆಯಂತೆ. ಎಡಗೈಗೆ ಹೋಗುವ ಕವಲು ಹೆಚ್ಚುಕಡಿಮೆ ಮುಚ್ಚಿದೆ. ಹದಿನೇಳರ ಹುಡುಗಿ ಜಡೆ ಹೆಣೆಯುತ್ತ ಅರ್ಧಕ್ಕೇ ಕೈ ಇಳಿಸುತ್ತಿದ್ದದ್ದು ಸೋಮಾರಿತನದಿಂದಲ್ಲ.

ಇಲ್ಲಿಯ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ನಮ್ಮನ್ನು ಮುಕ್ಕಾಲು ಗಂಟೆ ಕಾಯಿಸಿದರು. ಆಮೇಲೆ ಎರಡೂ ಕೈಯ ಬಿಪಿ ನೋಡಿದರು. ಬಲಗೈ ನೂರೈವತ್ತು, ಎಡಗೈ ತೊಂಬತ್ತು. "ಎಡಗೈಲಿ ನಾಡಿ ಸಿಗ್ತಾನೇ ಇಲ್ಲವಲ್ಲಮ್ಮ! ಮುಂಚೆ ನೋಡಿದವರ ಚೀಟಿ ಕೊಡಿ" ಎಂದರು.

ಯಾವ ಚೀಟಿ ಕೊಡಲಿ? ಎರಡು ವರ್ಷ ನಿನ್ನ ಕ್ಲಿನಿಕ್ಕಿಗೆ ಹಿಂದಿನ ಬಾಗಿಲಿಂದಲೇ ಬಂದೆವು. "ಮನೆಯವರಿಗೆ ಯಾತರ ಚೀಟಿ!" ಎನ್ನುತ್ತಿದ್ದೆ ನೀನು. ಇಬ್ಬರು ರೋಗಿಗಳ ನಡುವೆ, ನಿಂತಲ್ಲೇ ಅವಳ ಕೆನ್ನೆ ತಟ್ಟಿ, "ಏನೇ ಕಳ್ಳಿ, ಮತ್ತೆ ಪರೀಕ್ಷೆ ಬಂತಾ?" ಎಂದು ಟಾನಿಕ್ ಕೊಡುತ್ತಿದ್ದೆ. ಜ್ವರಕ್ಕೂ ಟಾನಿಕ್, ಆರು ಕಿಲೋ ಇಳಿದಾಗಲೂ ಟಾನಿಕ್. ಸಾಲಿನಲ್ಲಿ ಕೂತ ಯಾರದೋ ಮಕ್ಕಳನ್ನು ಮಲಗಿಸಿ ನೋಡಿದೆ. ತಂಗಿಯ ಮಗಳೆಂಬ ಸಲಿಗೆಯೇ ಇವಳಿಗೆ ಮುಳುವಾಯಿತು.

ನ್ಯಾಯವಾಗಿ ಯೋಚಿಸಲು ನೋಡಿದೆ. ಅಪರೂಪದ ರೋಗ, ಯಾರ ಕಣ್ಣಿಗಾದರೂ ತಪ್ಪಬಹುದು. ಆದರೆ ಕಣ್ಣು ಹಾಯಿಸಿದವರಿಗಲ್ಲವೇ ತಪ್ಪುವುದು?

ಈಗ ಇವರಿಗೆ ಫೋನ್ ಮಾಡಿ, "ಇನ್ನು ನಾನೇ ನೋಡ್ಕೊಳ್ತೀನಿ ಭಾವ, ಅವರು ಕೊಟ್ಟ ಸ್ಟೀರಾಯ್ಡಿಂದ ಮುಖ ಊದುತ್ತೆ, ಬೇಗ ನಿಲ್ಲಿಸೋಣ" ಎಂದೆಯಂತೆ. ಬೇಡ. ಮುಖ ಊದಿದರೆ ಊದಲಿ. ಡಾಕ್ಟರಮ್ಮ ಹೇಳುವ ತನಕ ಒಂದು ಮಾತ್ರೆಯನ್ನೂ ತಪ್ಪಿಸುವುದಿಲ್ಲ. ಮಾವನಾಗಿ ಯಾವಾಗ ಬೇಕಾದರೂ ಬಾ. ಡಾಕ್ಟರಾಗಿ ನಮ್ಮ ಹೊಸಿಲು ತುಳಿಯಬೇಡ.

ಅತ್ತಿಗೆಗೆ ನಮಸ್ಕಾರ. ನಿನ್ನ ಮಕ್ಕಳಿಬ್ಬರೂ ಗಟ್ಟಿಮುಟ್ಟಾಗಿರಲಿ. ನೋವು ಎಂದು ಬಂದರೆ ಅವರ ಮಾತು ನಂಬು.

ನಿನ್ನ ತಂಗಿ

ತಾ.ಕ.: ಇವತ್ತು ಬೆಳಿಗ್ಗೆ ರಕ್ತ ತೆಗೆಯುವಾಗ ಗುಬ್ಬಿ ಕೇಳಿದಳು: "ಅಮ್ಮಾ, ನಾನು ಸುಳ್ಳು ಹೇಳ್ತಿದ್ದೀನಿ ಅಂದ್ಕೊಂಡಿದ್ದೆಯಾ?" "ಛೆ, ಇಲ್ಲ ಕಣೇ" ಎಂದೆ. ಪ್ರತಿ ಸಲ ಅವಳನ್ನು ನಿನ್ನ ಕ್ಲಿನಿಕ್ಕಿಗೆ ಹೊರಡಿಸುವ ಮೊದಲು ನಿನಗೆ ಫೋನ್ ಮಾಡಿ, "ಏನೂ ಇಲ್ಲ, ನೆಪ ಅಷ್ಟೆ, ಸ್ವಲ್ಪ ಬೈದು ಕಳಿಸು" ಎನ್ನುತ್ತಿದ್ದವಳು ನಾನು. ಅದನ್ನು ಅವಳಿಗೆ ನೀನು ಹೇಳಬೇಡ. ನಾನೇ ಹೇಳಬೇಕು.