ಫೇವರಿಟ್ ಬೇಡ

೧೭ ಜನವರಿ ೨೦೨೧, ಭಾನುವಾರ, ಕ್ಯಾಸಲ್‌ನಾಕ್

ಲಾಕ್‌ಡೌನ್ ಆದಮೇಲೆ ಬೇಲಿ ಹಾರುವ ಕುದುರೆ ರೇಸಿಗೆ ಪ್ರೇಕ್ಷಕರನ್ನು ಬಿಡುವುದಿಲ್ಲ. ನಮ್ಮ ಮನೆಯವರನ್ನು ಬಿಡುತ್ತಾರೆ, ಅಲ್ಲಿನ ಡ್ಯೂಟಿ ಡಾಕ್ಟರಲ್ಲವೇ. ಜಾಕಿಗಳನ್ನು ಪರೀಕ್ಷಿಸಿ, ಮೈ ಸರಿಯಿದ್ದರೆ ಮಾತ್ರ ಕುದುರೆ ಹತ್ತಿಸುವವರೇ ಇವರು.

ಬೆಳಿಗ್ಗೆ ಅಲ್ಲಿಂದಲೇ ನಮ್ಮ ಕನ್ನಡ ಗ್ರೂಪಿಗೆ ಟಿಪ್ ಹಾಕಿದರು: “ಮೂರನೇ ರೇಸಲ್ಲಿ ಫೇವರಿಟ್ ಬೇಡ, ಬೂದು ಕುದುರೆಗೆ ದುಡ್ಡು ಕಟ್ಟಿ.”

ಟಿವಿಯಲ್ಲಿ ನೋಡಿದೆ. ಗೆದ್ದೇ ಗೆಲ್ಲುತ್ತದೆ ಎಂದು ಎಲ್ಲರೂ ನಂಬಿದ್ದ ಫೇವರಿಟ್ ಕುದುರೆಯ ಜಾಕಿ ಓಟ ಶುರುವಾಗುವ ಮೊದಲೇ ಬಲಭುಜ ಹಿಡಿದುಕೊಂಡಿದ್ದ. ಎರಡನೇ ಬೇಲಿಯಲ್ಲಿ ಬಿದ್ದ. ಬೂದು ಗೆದ್ದಿತು.

ಊಟಕ್ಕೆ ಕೂತಾಗ ಕೇಳಿದೆ, “ರೀ, ಆ ಹುಡುಗನ ಭುಜ ಬೆಳಿಗ್ಗೇನೇ ನೋಡಿದ್ರಾ?”

“ಸುಮ್ನೆ ಗೆಸ್ ಮಾಡ್ದೆ ಕಣೇ. ಸಾರು ಗ್ರ್ಯಾಂಡ್ ಆಗಿದೆ.”

ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ.

ಪಟ್ಟು ಹಿಡಿದು ಕೇಳಬಹುದಿತ್ತು. ಆದರೆ ಬೂದು ಕುದುರೆಗೆ ನಾನೂ ಕಟ್ಟಿದ್ದೆ.