ದೋಣಿಯಲ್ಲಿ ಕುದುರೆ

ಸ್ಕಾರ್‌ವೋಗ್
ಮಾರ್ಚ್ ೧೨, ೨೦೨೪, ಮಂಗಳವಾರ

ನನ್ನ ಮುದ್ದು ಸಿಡುಕಪ್ಪಾ,

ಸೊಂಟ ಹೇಗಿದೆ? ಉಣ್ಣೆಯ ಒಳಅಂಗಿ ಹಾಕಿಕೊಳ್ಳುತ್ತಿದ್ದೀಯ ತಾನೆ? ನಾನಂತೂ ಚೆನ್ನಾಗಿದ್ದೇನೆ, ನಾಚಿಕೆಯಾಗುವಷ್ಟು ಚೆನ್ನಾಗಿದ್ದೇನೆ! ಮದುವೆಯಾಗಿ ಒಂಬತ್ತು ದಿನ. ನಿನ್ನ ದೋಣಿಯ ಆಳು ಐಲಿಫ್ ಈಗ ನನ್ನ ಗಂಡ ಎಂದು ದಿನಕ್ಕೆ ಹತ್ತು ಸಲ ಸುಮ್ಮನೆ ಹೇಳಿಕೊಳ್ಳುತ್ತೇನೆ. ನಿನ್ನೆ ಅವನು ಕಾಡ್ ಮೀನು, ಅದರ ಈಲಿ, ಮೊಟ್ಟೆ ಎಲ್ಲ ಬೇಯಿಸಿ ಬಡಿಸಿದ. ಈಲಿ ಸೀದುಹೋಗಿತ್ತು, ಆದರೂ ಎರಡು ಸಲ ಹಾಕಿಸಿಕೊಂಡೆ. ಗುರುವಾರ ದೋಣಿಗೆ ಮರಳುವಾಗ ಈ ಪತ್ರ ಅವನೇ ತರುತ್ತಾನೆ. ಅವನ ಮೇಲೆ ರೇಗಬೇಡ, ಇದರಲ್ಲಿ ಏನಿದೆಯೆಂದು ಅವನಿಗೆ ಗೊತ್ತಿಲ್ಲ.

ಮದುವೆಯ ದಿನ ಚರ್ಚಿನ ಬಾಗಿಲಲ್ಲಿ ನೀನು ನನ್ನ ಕಿವಿಯಲ್ಲಿ ಉಸುರಿದ್ದನ್ನು ಎಲ್ಲರೂ ಆಶೀರ್ವಾದ ಅಂದುಕೊಂಡರು. ನೀನು ಹೇಳಿದ್ದು, "ನೀನು ತೆಗೀತಿರೋ ಸಿನಿಮಾದಿಂದ ಆ ಪದ್ಯ ಕಿತ್ತುಹಾಕು ಮಗಳೇ. ಇಲ್ಲಾಂದ್ರೆ ನೋಡೋಕೆ ನಾನು ಕಾಲಿಡಲ್ಲ." ಒಂಬತ್ತು ದಿನ ಯೋಚಿಸಿದೆ. ಕಿತ್ತುಹಾಕುವುದಿಲ್ಲ.

ತಪ್ಪು ಒಪ್ಪಿಕೊಳ್ಳುತ್ತೇನೆ. ದೋಣಿಯಲ್ಲಿ 'ಕುದುರೆ' ಅಂದರೆ ಬಲೆ ಬರಿದಾಗುತ್ತದೆ ಎಂದು ತೊಟ್ಟಿಲಲ್ಲೇ ಕೇಳಿದವಳು ನಾನು. ಆದರೂ ನಿನ್ನ ದೋಣಿಯಲ್ಲಿ ಚಿತ್ರೀಕರಣ ಮಾಡುವ ಹುಮ್ಮಸ್ಸಿನಲ್ಲಿ, ಅಮ್ಮ ತೀರಿಕೊಂಡ ಮೇಲೂ ದಿನಾ ಬಂದರುಕಟ್ಟೆಗೆ ಬಂದು ಕಾಯುತ್ತಿದ್ದ ಅವಳ ಕುದುರೆಯ ಮೇಲಿನ ಪದ್ಯವನ್ನು ಗಟ್ಟಿಯಾಗಿ ಓದಿಬಿಟ್ಟೆ. ನೀನು ದೋಣಿ ತಿರುಗಿಸಿ ನನ್ನನ್ನು ದಡಕ್ಕೆ ಇಳಿಸಿದೆ. "ಹೋಗು, ಪದ್ಯ ತಿನ್ಕೊಂಡು ಚಳಿಗಾಲ ಕಳಿ!" ಅಂದೆ. ಐಲಿಫ್ ನಗು ತಡೆಯಲಾರದೆ ಹಗ್ಗ ಸುತ್ತುತ್ತಿದ್ದ. (ಇವನನ್ನೇ ಮದುವೆಯಾಗಬೇಕೆಂದು ತೀರ್ಮಾನಿಸಿದ್ದು ಆವತ್ತೇ!)

ನಾನು ಪದ್ಯದ ಪುಸ್ತಕ ಎರಡು ಬರೆದೆ, ಕುದುರೆಯ ಪದ್ಯವೂ ಅದರಲ್ಲಿದೆ. ಒಂದನ್ನೂ ತೆರೆದಿಲ್ಲ ಅಂತ ನೀನು ಹೇಳಿದೆ, ಅದನ್ನೂ ಸಹಿಸಿಕೊಂಡೆ. ಆದರೆ ಆ ಪದ್ಯ ತೆಗೆದರೆ ಸಿನಿಮಾವೇ ಇಲ್ಲ ಅಪ್ಪಾ. ಅಮ್ಮ ಹೋದಾಗಿನಿಂದ, ಹದಿನಾಲ್ಕು ವರ್ಷ, ನೀನು 'ಕುದುರೆ' ಎಂಬ ಪದವನ್ನು ನೆಲದ ಮೇಲೂ ಆಡಿಲ್ಲ. ಅಮ್ಮನ ಹೆಸರನ್ನೂ ಅದರ ಜೊತೆಗೇ ನುಂಗಿದ್ದೀಯ. ನಾನು ನುಂಗುವವಳಲ್ಲ. ಶನಿವಾರ ಸಂಜೆ ಆರಕ್ಕೆ, ಮೀನಿಗೆ ಉಪ್ಪು ಹಾಕುವ ಗೋದಾಮಿನಲ್ಲಿ, ಇಡೀ ಊರಿಗೆ ತೋರಿಸುತ್ತೇನೆ. ಭಾನುವಾರ ಯಾರೂ ಬಲೆ ಬಿಡುವುದಿಲ್ಲವಲ್ಲ, ಶನಿವಾರ ಬೆಳಿಗ್ಗೆಯೇ ನಿನ್ನ ದೋಣಿಯೂ ದಡದಲ್ಲಿರುತ್ತದೆ. ನೆಪ ಹೇಳಬೇಡ.

ಕಡಲು ನಿನ್ನನ್ನು ಕಾಯಲಿ, ಬಲೆ ಭಾರವಾಗಲಿ.

ನಿನ್ನ ಹಟಮಾರಿ ಮಗಳು,
ಸಿನ್ನೋವೆ
(ಐಲಿಫನ ಹೆಂಡತಿ!)

ಮರೆತಿದ್ದೆ: ಆವತ್ತು ಸಿಟ್ಟಿನಲ್ಲಿ ನನ್ನನ್ನು ಇಳಿಸಿದೆ, ಚುಕ್ಕಾಣಿ ಕೋಣೆಯಲ್ಲಿ ಕಟ್ಟಿದ್ದ ಕ್ಯಾಮೆರಾ ಇಳಿಸಲಿಲ್ಲ. ಅದು ಓಡುತ್ತಲೇ ಇತ್ತು. ಐಲಿಫ್ ಬಲೆ ಎಳೆಯಲು ಆಚೆ ಹೋದ ಮೇಲೆ ನೀನೊಬ್ಬನೇ ಕಡಲು ನೋಡುತ್ತಾ ಇಡೀ ಪದ್ಯ ಹೇಳಿದ್ದೀಯ, ಒಂದು ಸಾಲೂ ತಪ್ಪದೆ, 'ಕುದುರೆ'ಯೂ ಸೇರಿ. ಪುಸ್ತಕ ತೆರೆದೇ ಇಲ್ಲವಂತೆ, ಕಳ್ಳಪ್ಪ! ಬಲೆಯೂ ಬರಿದಾಗಿಲ್ಲ, ಅದೂ ಕಾಣುತ್ತದೆ. ಸಿನಿಮಾದಲ್ಲಿ ಪದ್ಯ ಓದುವ ದನಿ ನಿನ್ನದು. ಶನಿವಾರ ಬೆಳಿಗ್ಗೆಯೇ ಬಾ, ಮೊದಲು ನೀನೊಬ್ಬನೇ ಕೇಳು. ಆಮೇಲೂ ಕಿತ್ತುಹಾಕು ಅಂದರೆ, ಕತ್ತರಿ ನಿನ್ನ ಕೈಗೇ ಕೊಡುತ್ತೇನೆ.