ಅಪ್ಪನಿಗೆ ದೊಡ್ಡ ಅಕ್ಷರ

ಸಮ್ಮೇದ್,

ನಾನು ಉಜಿರೆ ಬಸ್ಸಿಗೆ ಹೊರಟೆ. ಅಪ್ಪ ಗಂಜಿ ಕುಡಿದಿದ್ದಾರೆ, ಮಾತ್ರೆಯೂ ಆಗಿದೆ.

ಸ್ಟ್ರೋಕಾಗಿ ಮಾತು ಹೋದ ಮೇಲೆ ಅವರು ಬೆರಳಿಟ್ಟು ತೋರಿಸಲಿ ಎಂದು ‘ನೀರು’, ‘ನೋವು’, ‘ಸೆಕೆ’ ಎಂದೆಲ್ಲ ಟೈಪ್ ಮಾಡಿದ್ದೆನಲ್ಲ, ಅದನ್ನು ನಿನ್ನೆ ಶಿರ್ತಾಡಿಯಲ್ಲಿ ಪ್ರಿಂಟ್ ತೆಗೆಸಿದೆ. ನಮ್ಮ ಫಾಂಟು ಆ ಅಂಗಡಿಯ ಕಂಪ್ಯೂಟರಿನಲ್ಲಿ ಇರಲಿಲ್ಲ. ಕನ್ನಡದ ಜಾಗದಲ್ಲಿ ಏನೇನೋ ಗೀಟು, ಚಿಹ್ನೆಗಳು ಬಂದಿದ್ದವು. ನೋಡದೆ ನೇರ ಅವರ ಕೈಗೆ ಕೊಟ್ಟುಬಿಟ್ಟೆ. ತುಂಬ ಹೊತ್ತು ನೋಡಿದರು. ಆಮೇಲೆ ಅತ್ತರು. ತನಗೆ ಓದುವುದೂ ಮರೆತುಹೋಯಿತೆಂದು ತಿಳಿದರು.

“ಹಾಳೆಯೇ ಕೆಟ್ಟದ್ದು ಅಪ್ಪ, ನಿಮಗೆ ಓದ್ಲಿಕ್ಕೆ ಬರ್ತದೆ” ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಲ್ಯಾಪ್‌ಟಾಪಿನಲ್ಲಿ ಸರಿಯಾದದ್ದನ್ನು ತೋರಿಸಲು ಹೋದರೆ ಕಣ್ಣು ಮುಚ್ಚಿಕೊಂಡರು.

ನೀನು ಇವತ್ತು ಫೈಲಿನಲ್ಲಿ ನಾನು ಶಬ್ದಗಳಿಗೆ ಹಾಕಿದ ಟೇಬಲ್ ತೆಗೆದುಹಾಕು, ಗೆರೆಗಳ ನಡುವೆ ಅವರ ಕಣ್ಣು ತಪ್ಪುತ್ತದೆ. ಹಾಳೆಯನ್ನು ಅಡ್ಡ ಮಾಡಿ ಒಂದರಲ್ಲಿ ಒಂದೇ ಶಬ್ದ ಇಡು. ನಡುವಿನಲ್ಲಿ, ದಪ್ಪ ಅಕ್ಷರದಲ್ಲಿ, ಸೈಜು ನೂರಕ್ಕಿಂತ ಕಮ್ಮಿ ಬೇಡ. ಎಂಟರ್ ಒತ್ತಿ ಒತ್ತಿ ಕೆಳಗೆ ತಳ್ಳಬೇಡ ಮಾರಾಯ, ಪೇಜ್ ಬ್ರೇಕ್ ಹಾಕು. ಪಿಡಿಎಫ್ ಮಾಡಿಯೇ ಅಂಗಡಿಗೆ ತೆಗೆದುಕೊಂಡು ಹೋಗು, ಆಗ ಅಲ್ಲಿ ಫಾಂಟು ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ. ಪ್ರತಿ ಹಾಳೆಯನ್ನೂ ಅಲ್ಲೇ ಓದಿ ನೋಡು.

ಮೊದಲು ‘ನೀರು’ ತೋರಿಸು. ಕಣ್ಣು ತೆರೆಯದಿದ್ದರೆ ಒತ್ತಾಯ ಬೇಡ, ಸುಮ್ಮನೆ ನೀರು ಕುಡಿಸಿ ಹತ್ತಿರ ಕೂತುಕೋ. ಇನ್ನು ಯಾವ ಶಬ್ದ ಟೈಪ್ ಮಾಡಬೇಕೆಂದು ನನಗೆ ತೋಚುವುದಿಲ್ಲ.

ಅಕ್ಕ